ಲೆವೆಲ್ ಎಡಿಟರ್‌ನಲ್ಲಿ ಕಮಾನು, ಗುಮ್ಮಟ ಕೈಕೊಟ್ಟಾಗ: ದೋಷ ಹುಡುಕುವ ಕೈಪಿಡಿ

ವಿಡಿಯೋ ಗೇಮ್‌ನ ಕೋಣೆ, ಕಟ್ಟಡ ಕಟ್ಟುವ ತಂತ್ರಾಂಶವೇ ಲೆವೆಲ್ ಎಡಿಟರ್. ನೆಟ್ಟಗಿನ ಗೋಡೆ ಕಟ್ಟುವವರೆಗೆ ಅದು ಹೇಳಿದ ಮಾತು ಕೇಳುತ್ತದೆ. ಒಂದು ದುಂಡು ಕಂಬ, ಒಂದು ಕಮಾನು, ಒಂದು ಗುಮ್ಮಟ ಸೇರಿಸಿ ನೋಡಿ, ತಕರಾರು ಶುರು. ಒಂದು ಕಡೆ ಕೂದಲೆಳೆಯಷ್ಟು ಸಂದು ಕಾಣುತ್ತದೆ, ಇನ್ನೊಂದು ಕಡೆ ಮ್ಯಾಪನ್ನು ಆಟಕ್ಕೆ ಸಿದ್ಧ ಮಾಡುವ ಕಂಪೈಲರ್ ಲೀಕ್ (ಹೊರಗಿನ ಶೂನ್ಯಕ್ಕೆ ತೆರೆದ ತೂತು) ಅಂತ ಕೂಗುತ್ತದೆ. ಆಟದೊಳಗೆ ಹೋದರೆ ಆಟಗಾರ ಏನೂ ಇಲ್ಲದ ಜಾಗದಲ್ಲಿ ಎಡವಿ ನಿಲ್ಲುತ್ತಾನೆ.

ಇಲ್ಲಿ ಹೇಳುವುದು ಬ್ರಷ್ (ಚಪ್ಪಟೆ ಮುಖಗಳ ಗಟ್ಟಿ ತುಂಡು) ಇಟ್ಟು ಕಟ್ಟುವ ಎಡಿಟರ್‌ಗಳಿಗೆ ಸೇರಿದ್ದು. ಕ್ವೇಕ್‌ಗೆ ಟ್ರೆಂಚ್‌ಬ್ರೂಮ್, ಹಾಫ್-ಲೈಫ್ ಮತ್ತು ಸೋರ್ಸ್ ಎಂಜಿನ್‌ಗೆ ಹ್ಯಾಮರ್, ಕ್ವೇಕ್ 3ಕ್ಕೆ ಜಿಟಿಕೆ ರೇಡಿಯಂಟ್, ಈ ಸಾಲಿನವು. ಬ್ಲೆಂಡರ್‌ನಂಥ 3ಡಿ ತಂತ್ರಾಂಶದಲ್ಲಿ ಮಾಡೆಲ್ ಮಾಡಿ ತಂದು ಇಡುವವರಿಗೆ ಇದರಲ್ಲಿ ಅರ್ಧ ತಲೆನೋವು ಇರುವುದಿಲ್ಲ. ಆದರೆ ಅವರಿಗೂ ಡಿಕ್ಕಿ (ಆಟಗಾರ ಗೋಡೆಗೆ ತಾಗುವ ಲೆಕ್ಕ) ಮತ್ತು ಬೆಳಕಿನ ಭಾಗ ಉಪಯೋಗಕ್ಕೆ ಬರಬಹುದು.

ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ. ದೋಷ ಮೊದಲು ಕಂಡಿದ್ದು ಎಲ್ಲಿ? ಎಡಿಟರ್‌ನಲ್ಲಿಯೋ, ಕಂಪೈಲ್ ಮಾಡುವಾಗಲೋ, ಆಟ ಓಡುವಾಗಲೋ? ಎಡಿಟರ್‌ನಲ್ಲೇ ಬ್ರಷ್ ಸೊಟ್ಟಗಾದರೆ ವರ್ಟೆಕ್ಸ್ (ಬ್ರಷ್‌ನ ಮೂಲೆ) ತೊಂದರೆ. ಎಡಿಟರ್‌ನಲ್ಲಿ ಚೆನ್ನಾಗಿದ್ದು ಕಂಪೈಲ್ ಆದಮೇಲೆ ಕೆಟ್ಟರೆ ಅದೂ ಸಾಮಾನ್ಯವಾಗಿ ವರ್ಟೆಕ್ಸ್ ತೊಂದರೆಯೇ, ಸ್ವಲ್ಪ ಅಡಗಿ ಕೂತಿರುತ್ತದೆ ಅಷ್ಟೆ. ಎರಡೂ ಕಡೆ ಸರಿಯಿದ್ದು ಆಟದಲ್ಲಿ ಮಾತ್ರ ಕಿರಿಕಿರಿ ಆದರೆ ಬೆಳಕು, ಟೆಕ್ಸ್ಚರ್ (ಮೇಲ್ಮೈಗೆ ಅಂಟಿಸುವ ಚಿತ್ರ) ಇಲ್ಲವೇ ಡಿಕ್ಕಿಯ ಕಡೆ ನೋಡಿ. ಈ ಅಂದಾಜಿಲ್ಲದೆ ಸುಮ್ನೆ ಬ್ರಷ್‌ಗಳನ್ನು ಅಲ್ಲಾಡಿಸುತ್ತಾ ಕೂತರೆ ಒಂದು ಸಂದು ಮುಚ್ಚಿ ಇನ್ನೆರಡು ತೆರೆಯುತ್ತವೆ.

ವರ್ಟೆಕ್ಸ್ ಯಾಕೆ ಜಾರುತ್ತದೆ

ಇದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಕ್ವೇಕ್ ಕಾಲದ ಮ್ಯಾಪ್ ಫೈಲ್‌ನಲ್ಲಿ ಬ್ರಷ್‌ನ ಮೂಲೆಗಳನ್ನು ಬರೆದಿಡುವುದಿಲ್ಲ. ಪ್ರತಿ ಫೇಸ್‌ಗೆ (ಬ್ರಷ್‌ನ ಚಪ್ಪಟೆ ಮುಖಕ್ಕೆ) ಮೂರು ಬಿಂದು ಬರೆದಿರುತ್ತದೆ. ಮೂರು ಬಿಂದು ಸೇರಿ ಒಂದು ಸಮತಲ. ಅಂಥ ಸಮತಲಗಳು ಒಂದನ್ನೊಂದು ಎಲ್ಲಿ ಕತ್ತರಿಸುತ್ತವೋ ಅಲ್ಲಿ ಮೂಲೆ ಹುಟ್ಟುತ್ತದೆ. ಅಂದರೆ ನೀವು ಎಳೆದು ಇಟ್ಟ ಮೂಲೆಯನ್ನು ಫೈಲ್ ನೆನಪಿಟ್ಟುಕೊಳ್ಳುವುದಿಲ್ಲ. ಪ್ರತಿ ಸಲ ತೆರೆದಾಗಲೂ, ಕಂಪೈಲ್ ಮಾಡಿದಾಗಲೂ ಲೆಕ್ಕ ಹಾಕಿ ಹೊಸದಾಗಿ ಹುಡುಕುತ್ತದೆ.

ಚೌಕದ ಗೋಡೆಯಲ್ಲಿ ಸಮತಲಗಳು 90 ಡಿಗ್ರಿಯಲ್ಲಿ ಸೇರುತ್ತವೆ. ಆಗ ಲೆಕ್ಕದಲ್ಲಿ ಚೂರು ತಪ್ಪಿದರೂ ಮೂಲೆ ಜಾಸ್ತಿ ಜಾರುವುದಿಲ್ಲ. ದುಂಡು ಆಕಾರದಲ್ಲಿ ಪಕ್ಕಪಕ್ಕದ ಫೇಸ್‌ಗಳು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ಹಾಗಾಗಿ ಸಮತಲದ ಸಣ್ಣ ತಪ್ಪು ಮೂಲೆಯ ದೊಡ್ಡ ತಪ್ಪಾಗುತ್ತದೆ. ಬದಿಗಳನ್ನು ಹೆಚ್ಚಿಸಿದಷ್ಟೂ ಇದು ಕೆಡುತ್ತದೆ. ನುಣುಪಾಗಲಿ ಅಂತ 32 ಬದಿಯ ಕಂಬ ಮಾಡುವವರಿಗೆ ಮೊದಲು ಸಿಗುವ ಬಹುಮಾನ ಇದೇ.

ಪರೀಕ್ಷೆ ಸುಲಭ. ಮ್ಯಾಪ್ ಸೇವ್ ಮಾಡಿ, ಮುಚ್ಚಿ, ಮತ್ತೆ ತೆರೆಯಿರಿ. ವರ್ಟೆಕ್ಸ್ ಮೋಡ್‌ಗೆ ಹೋಗಿ ಅನುಮಾನ ಇರುವ ಬ್ರಷ್‌ನ ಮೂಲೆಗಳನ್ನು ನೋಡಿ. ಗ್ರಿಡ್ (ಎಡಿಟರ್‌ನ ಅಳತೆಯ ಚೌಕಳಿ) 1ಕ್ಕೆ ಇಳಿಸಿದರೂ ಮೂಲೆ ಗೆರೆಗಳ ಮಧ್ಯೆ ತೇಲುತ್ತಿದ್ದರೆ ಕಳ್ಳ ಸಿಕ್ಕ. ಹ್ಯಾಮರ್‌ನಲ್ಲಿ ಆಲ್ಟ್ ಮತ್ತು ಪಿ ಒತ್ತಿದರೆ ದೋಷಗಳ ಪಟ್ಟಿ ಬರುತ್ತದೆ. ಅದರಲ್ಲಿ ಬ್ರಷ್‌ನ ರಚನೆ ಸರಿಯಿಲ್ಲ ಎಂಬ ಸಾಲಿದ್ದರೆ ಅದನ್ನು ಮೊದಲು ಸರಿಮಾಡಿ, ಉಳಿದದ್ದು ಆಮೇಲೆ.

ಹೀಗೆ ತೇಲುವ ಮೂಲೆ ಬರುವುದು ಎರಡು ದಾರಿಯಿಂದ. ಒಂದು, ಬ್ರಷ್ ಅನ್ನು 15 ಅಥವಾ 30 ಡಿಗ್ರಿ ತಿರುಗಿಸಿದ್ದು. ತಿರುಗಿಸಿದ ಮೇಲೆ ಎಲ್ಲಾ ಮೂಲೆಗಳೂ ದಶಾಂಶಕ್ಕೆ ಹೋಗುತ್ತವೆ. 90 ಡಿಗ್ರಿ ತಿರುಗಿಸುವುದು ಮತ್ತು ಕನ್ನಡಿ ಬಿಂಬ ಮಾಡುವುದು, ಇವೆರಡು ಮಾತ್ರ ಗ್ರಿಡ್‌ಗೆ ನಿಷ್ಠವಾಗಿರುತ್ತವೆ. ಎರಡನೆಯದು, ಸಿಲಿಂಡರ್ ಸಾಧನಕ್ಕೆ ಬದಿಗಳ ಸಂಖ್ಯೆ ಕೊಟ್ಟು ಅದು ಕೊಟ್ಟಿದ್ದನ್ನು ಹಾಗೇ ಇಟ್ಟುಕೊಂಡಿದ್ದು. 128 ತ್ರಿಜ್ಯದ 16 ಬದಿಯ ವೃತ್ತದಲ್ಲಿ ಒಂದು ಮೂಲೆ 118.26, 48.98ರಲ್ಲಿ ಬೀಳುತ್ತದೆ. ಇದು ಯಾವ ಗ್ರಿಡ್‌ನಲ್ಲೂ ಕೂರುವುದಿಲ್ಲ.

ಇಲ್ಲಿ ತುಂಬಾ ಜನ ಮಾಡುವ ಕೆಲಸ ಎಲ್ಲಾ ಮೂಲೆ ಆಯ್ಕೆ ಮಾಡಿ ಗ್ರಿಡ್‌ಗೆ ಸ್ನ್ಯಾಪ್ ಮಾಡುವುದು, ಅಂದರೆ ಹತ್ತಿರದ ಗೆರೆಗೆ ಕೂರಿಸುವುದು. ಎರಡು ಆಯಾಮದ ನೇರ ಕಂಬಕ್ಕೆ ಇದು ನಡೆಯುತ್ತದೆ. ಗುಮ್ಮಟಕ್ಕೆ, ಓರೆ ಕಮಾನಿಗೆ ನಡೆಯುವುದಿಲ್ಲ, ಯಾಕೆ ಅಂತ ಕೆಳಗೆ ಬರುತ್ತದೆ. ಕೆಟ್ಟ ವೃತ್ತವನ್ನು ರಿಪೇರಿ ಮಾಡುವುದಕ್ಕಿಂತ ಅಳಿಸಿ, ಗ್ರಿಡ್‌ಗೆ ಒಗ್ಗುವ ವೃತ್ತವನ್ನು ಮತ್ತೆ ಕಟ್ಟುವುದು ಬೇಗ ಮುಗಿಯುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಗ್ರಿಡ್‌ಗೆ ಒಗ್ಗುವ ವೃತ್ತ

ಕೇಂದ್ರವನ್ನು 0, 0 ಅಂತ ಇಟ್ಟುಕೊಳ್ಳಿ. ಕಾಲು ಭಾಗಕ್ಕೆ ಈ ಮೂರು ಬಿಂದು ಸಾಕು: (64, 16), (48, 48), (16, 64). ಇದನ್ನು ಕನ್ನಡಿ ಬಿಂಬ ಮಾಡುತ್ತಾ ಹೋದರೆ 12 ಬದಿಯ ಆಕಾರ. ಎಲ್ಲಾ ಮೂಲೆ 16ರ ಗ್ರಿಡ್ ಮೇಲೆ. ನಾಲ್ಕು ಬದಿ 32 ಯೂನಿಟ್ ಉದ್ದ, ಉಳಿದ ಎಂಟು 35.8. ಕಣ್ಣಿಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಇದರ ನಿಜವಾದ ಚೆಲುವು ಗೋಡೆಗೆ ದಪ್ಪ ಕೊಡುವಾಗ ಕಾಣುತ್ತದೆ. ಒಳಗಿನ ಅಂಚಿಗೆ ಇದೇ ಆಕಾರವನ್ನು ಮುಕ್ಕಾಲಿಗೆ ಇಳಿಸಿ: (48, 12), (36, 36), (12, 48). ಎಲ್ಲವೂ 4ರ ಗ್ರಿಡ್ ಮೇಲೆ. ನೇರ ಬದಿಯಲ್ಲಿ ಗೋಡೆ 16 ದಪ್ಪ, ಓರೆ ಬದಿಯಲ್ಲಿ 16.1. ಹೊರಮೂಲೆ ಮತ್ತು ಒಳಮೂಲೆ ಕೇಂದ್ರದಿಂದ ಹೊರಟ ಒಂದೇ ಗೆರೆಯ ಮೇಲಿರುವುದರಿಂದ ಪಕ್ಕದ ಎರಡು ತುಂಡುಗಳ ಜೋಡಣೆ ಸಂದಿಲ್ಲದೆ ಕೂರುತ್ತದೆ.

12 ಬದಿ ಒರಟು ಅನ್ನಿಸಿದರೆ 25ರ ತ್ರಿಜ್ಯ ಹಿಡಿಯಿರಿ. (25, 0), (24, 7), (20, 15), (15, 20), (7, 24), (0, 25) ಈ ಆರೂ ಬಿಂದುಗಳು ನಿಖರವಾಗಿ ವೃತ್ತದ ಮೇಲಿವೆ, ದಶಾಂಶವೇ ಇಲ್ಲ. ಪೂರ್ತಿ ಸುತ್ತಿಗೆ 20 ಬದಿ. ಪ್ರತಿ ಕಾಲು ಭಾಗದಲ್ಲಿ ಬದಿಗಳು 7.07 ಮತ್ತು 8.94 ಅಂತ ಒಂದಾದ ಮೇಲೊಂದು ಬರುತ್ತವೆ. 8ರಿಂದ ಗುಣಿಸಿದರೆ 200 ಯೂನಿಟ್ ತ್ರಿಜ್ಯದ ದೊಡ್ಡ ಸಭಾಂಗಣ, ಮೂಲೆಗಳೆಲ್ಲ 8ರ ಗ್ರಿಡ್ ಮೇಲೆ. ಇನ್ನೇನು ಬೇಕು?

ಎಷ್ಟು ಬದಿ ಸಾಕು ಎಂಬುದಕ್ಕೂ ಒಂದು ಲೆಕ್ಕವಿದೆ. ಸಮ ಬದಿಗಳ ಆಕಾರದಲ್ಲಿ ಪ್ರತಿ ಬದಿಯ ನಡುಭಾಗ ನಿಜವಾದ ವೃತ್ತದಿಂದ ಎಷ್ಟು ಒಳಗೆ ಬೀಳುತ್ತದೆ ನೋಡಿ. 12 ಬದಿಗೆ ತ್ರಿಜ್ಯದ ಶೇಕಡ 3.4, 16ಕ್ಕೆ 1.9, 32ಕ್ಕೆ 0.5. ಆಟಗಾರನ ಪಕ್ಕದಲ್ಲೇ ನಿಲ್ಲುವ 32 ಯೂನಿಟ್ ತ್ರಿಜ್ಯದ ಕಂಬಕ್ಕೆ 12 ಬದಿ ಇದ್ದರೆ ಒಂದು ಯೂನಿಟ್ ಚಿಲ್ಲರೆ ತಪ್ಪು. ಅದಕ್ಕೆ 32 ಬದಿ ಕೊಡುವುದು ದಂಡ.

ಗುಮ್ಮಟದ ಫೇಸ್ ಮಡಚಿಕೊಂಡರೆ

ಲಕ್ಷಣ ಹೀಗೆ: ಮೂಲೆಯನ್ನು ಎಳೆದ ತಕ್ಷಣ ಬ್ರಷ್ ಎರಡು ತ್ರಿಕೋನವಾಗಿ ಒಡೆಯುತ್ತದೆ, ಇಲ್ಲವೇ ಎಡಿಟರ್ ಆ ಎಳೆತವನ್ನೇ ಒಪ್ಪುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ಎಡಿಟರ್ ಒಪ್ಪಿ ಕಂಪೈಲರ್ ಆ ಬ್ರಷ್ ಅನ್ನು ಸದ್ದಿಲ್ಲದೆ ನುಂಗಿ ಗೋಡೆಯಲ್ಲಿ ತೂತು ಬಿಡುವುದು.

ಕಾರಣ ಒಂದೇ. ನಾಲ್ಕು ಮೂಲೆಯ ಫೇಸ್‌ನಲ್ಲಿ ಮೂರು ಮೂಲೆ ಸಮತಲವನ್ನು ನಿರ್ಧರಿಸಿಬಿಡುತ್ತವೆ. ನಾಲ್ಕನೆಯದು ಅದೇ ಸಮತಲದಲ್ಲಿ ಇರಲೇಬೇಕು. ಗುಮ್ಮಟದ ಮೂಲೆಗಳನ್ನು ಒಂದೊಂದಾಗಿ ಗ್ರಿಡ್‌ಗೆ ಸ್ನ್ಯಾಪ್ ಮಾಡಿದಾಗ ನಾಲ್ಕನೆಯದು ಅರ್ಧ ಯೂನಿಟ್ ಈಚೆ ಬರುತ್ತದೆ. ಅಲ್ಲಿಗೆ ಫೇಸ್ ಕೆಟ್ಟಿತು.

ಪರಿಹಾರ ಮೇಲಿನ 12 ಬದಿಯ ಆಕಾರದಲ್ಲೇ ಇದೆ. ಗುಮ್ಮಟವನ್ನು ಉಂಗುರಗಳ ಅಡುಕು ಅಂತ ಭಾವಿಸಿ. ಪ್ರತಿ ಉಂಗುರವೂ ಮೊದಲನೆಯದರ ಕುಗ್ಗಿಸಿದ ನಕಲು ಆಗಿರಬೇಕು, ಕೇಂದ್ರ ಒಂದೇ ಇರಬೇಕು. ಆಗ ಕೆಳಗಿನ ಅಂಚು, ಮೇಲಿನ ಅಂಚು ಯಾವಾಗಲೂ ಸಮಾನಾಂತರ. ಎರಡು ಸಮಾನಾಂತರ ಗೆರೆಗಳು ಒಂದೇ ಸಮತಲದಲ್ಲಿ ಇದ್ದೇ ಇರುತ್ತವೆ. ಎತ್ತರವನ್ನು ನೀವು ಎಷ್ಟಕ್ಕೆ ರೌಂಡ್ ಮಾಡಿದರೂ ಫೇಸ್ ಚಪ್ಪಟೆಯಾಗಿಯೇ ಉಳಿಯುತ್ತದೆ.

64ರ ಗುಮ್ಮಟಕ್ಕೆ ಉಂಗುರಗಳನ್ನು 64, 60, 48, 32, 16 ಅಂತ ತೆಗೆದುಕೊಳ್ಳಿ. ಎಲ್ಲವೂ 4ರಿಂದ ಭಾಗವಾಗುತ್ತವೆ, ಆದ್ದರಿಂದ ಮೂಲೆಗಳು ಪೂರ್ಣಾಂಕದಲ್ಲೇ ಇರುತ್ತವೆ. 60ರ ಉಂಗುರಕ್ಕೆ (60, 15), (45, 45), (15, 60). ಎತ್ತರಗಳು ಕ್ರಮವಾಗಿ 0, 22, 42, 55, 62. ತುದಿ 64. ಗೋಳಕ್ಕೆ ಇದು ಸಾಕಷ್ಟು ಹತ್ತಿರ.

ಸುತ್ತುತ್ತಾ ಏರುವ ರ‍್ಯಾಂಪ್‌ಗೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಒಳಗಿನ ಅಂಚು, ಹೊರಗಿನ ಅಂಚು ಬೇರೆ ಬೇರೆ ಓರೆಯಲ್ಲಿ ಏರುತ್ತವೆ. ನಾಲ್ಕು ಮೂಲೆಯ ಫೇಸ್ ಚಪ್ಪಟೆ ಆಗುವುದು ಸಾಧ್ಯವೇ ಇಲ್ಲ. ಪ್ರತಿ ತುಂಡನ್ನು ಕರ್ಣದಲ್ಲಿ ಸೀಳಿ ಎರಡು ತ್ರಿಕೋನ ಬ್ರಷ್ ಮಾಡಿ. ಮೂರು ಮೂಲೆಯ ಮೇಲ್ಮೈ ಕೆಡುವ ಮಾತೇ ಇಲ್ಲ. ಎಲ್ಲಾ ತುಂಡುಗಳಲ್ಲೂ ಸೀಳು ಒಂದೇ ದಿಕ್ಕಿಗೆ ಇರಲಿ, ಇಲ್ಲದಿದ್ದರೆ ಬೆಳಕು ಬಿದ್ದಾಗ ನೆಲ ಅಂಕುಡೊಂಕಾಗಿ ಕಾಣುತ್ತದೆ.

ಲೀಕ್ ಬಂದರೆ

ಲೀಕ್ ಬಂದ ಕೂಡಲೇ ಕಂಬದ ಸಂದುಗಳನ್ನು ಹುಡುಕಲು ಹೋಗಬೇಡಿ. ಮೊದಲು ನೋಡಬೇಕಾದದ್ದು, ಆ ದುಂಡು ಗೋಡೆಯನ್ನು ಇತ್ತೀಚೆಗೆ ಫಂಕ್_ಡಿಟೇಲ್ (ಬರೀ ಅಲಂಕಾರದ ಬ್ರಷ್ ಎಂಬ ಗುರುತು) ಮಾಡಿದ್ದೀರಾ ಅಂತ. ಡಿಟೇಲ್ ಬ್ರಷ್ ಹೊರಗಿನ ಶೂನ್ಯವನ್ನು ತಡೆಯುವುದಿಲ್ಲ. ಸೋರ್ಸ್‌ನ ಡಿಸ್‌ಪ್ಲೇಸ್‌ಮೆಂಟ್ (ಉಬ್ಬುತಗ್ಗು ಮಾಡಬಲ್ಲ ಮೇಲ್ಮೈ), ಕ್ವೇಕ್ 3ರ ಪ್ಯಾಚ್ (ಬಾಗಿದ ಮೇಲ್ಮೈ), ಇವೂ ತಡೆಯುವುದಿಲ್ಲ. ಇವುಗಳ ಹಿಂದೆ ಸಾದಾ ಚೌಕದ ಗೋಡೆ ಇರಲೇಬೇಕು. ನಾನು ನೋಡಿದ ದುಂಡು ಕೋಣೆಯ ಲೀಕ್‌ಗಳಲ್ಲಿ ಜಾಸ್ತಿ ಈ ಬಗೆಯವೇ.

ಅದಲ್ಲ ಅಂತಾದರೆ ಲೀಕ್ ಬಂದಾಗ ಕಂಪೈಲರ್ ಬರೆದಿಡುವ ಪಾಯಿಂಟ್ ಫೈಲ್ ತೆರೆಯಿರಿ. ಒಳಗಿನ ಒಂದು ಎಂಟಿಟಿಯಿಂದ (ದೀಪದಂಥ ವಸ್ತು) ಹೊರಗಿನ ಶೂನ್ಯದವರೆಗೆ ಗೆರೆ ಕಾಣುತ್ತದೆ. ಗೆರೆ ಗೋಡೆ ದಾಟುವ ಜಾಗವೇ ಸಂದು. ಕೆಲವೊಮ್ಮೆ ಅದು ಗಟ್ಟಿ ಗೋಡೆಯ ಮೂಲಕ ಹಾದು ಹೋದಂತೆ ಕಾಣುತ್ತದೆ. ಅಲ್ಲಿ ಎರಡು ಬ್ರಷ್‌ಗಳ ಜೋಡಣೆ ಇದ್ದರೆ ಮೂಲೆ ದಶಾಂಶಕ್ಕೆ ಜಾರಿದೆ ಅಂತಲೇ ಲೆಕ್ಕ. ಒಂದು ದೊಡ್ಡ ಡಬ್ಬಿ ಬ್ರಷ್ ಇಟ್ಟು ಇಡೀ ಮ್ಯಾಪ್ ಮುಚ್ಚಿಬಿಡುವ ಚಾಳಿ ಕೆಲವರಿಗಿದೆ. ಲೀಕ್ ಸಂದೇಶ ಹೋಗುತ್ತದೆ, ನಿಜ. ಆದರೆ ಹೊರಗಿನ ಫೇಸ್‌ಗಳೆಲ್ಲ ಉಳಿದುಕೊಂಡು, ಎಲ್ಲಿಂದ ಏನು ಕಾಣುತ್ತದೆ ಅಂತ ಲೆಕ್ಕ ಹಾಕುವ ವಿಸ್ ಹಂತ ಏದುಸಿರು ಬಿಡುತ್ತದೆ.

ಲೀಕ್ ಇಲ್ಲದೆಯೂ ವಿಸ್ ಮುಗಿಯದೆ ಒದ್ದಾಡುತ್ತಿದ್ದರೆ ದುಂಡು ಕಂಬಗಳು ಇನ್ನೂ ಸಾದಾ ಬ್ರಷ್ ಆಗಿಯೇ ಇರಬೇಕು. ಒಂದೊಂದು ಓರೆ ಫೇಸ್ ಕೂಡ ಕೋಣೆಯ ಖಾಲಿ ಜಾಗವನ್ನು ಸೀಳುತ್ತದೆ. ಅವನ್ನು ಡಿಟೇಲ್ ಮಾಡಿ. ಹಾಫ್-ಲೈಫ್‌ನ ಹಳೆಯ ಕಂಪೈಲರ್‌ನಲ್ಲಿ ಡಿಟೇಲ್ ಇಲ್ಲ, ಅಲ್ಲಿ ಫಂಕ್_ವಾಲ್ ಬಳಸಿ.

ಬೆಳಕು ಪಟ್ಟೆ ಪಟ್ಟೆಯಾದರೆ, ಟೆಕ್ಸ್ಚರ್ ಹಿಗ್ಗಿದರೆ

ಪ್ರತಿ ಚಪ್ಪಟೆ ಫೇಸ್ ಬೆಳಕನ್ನು ಬೇರೆ ಬೇರೆ ಕೋನದಲ್ಲಿ ಹಿಡಿಯುತ್ತದೆ. ಅದಕ್ಕೇ ಕಂಬ ಪೆನ್ಸಿಲ್‌ನಂತೆ ಕಾಣುತ್ತದೆ. ಹ್ಯಾಮರ್‌ನಲ್ಲಿ ಆ ಫೇಸ್‌ಗಳನ್ನೆಲ್ಲ ಒಂದೇ ಸ್ಮೂತಿಂಗ್ ಗುಂಪಿಗೆ ಸೇರಿಸಿ. ಕ್ವೇಕ್‌ನಲ್ಲಿ ಎರಿಕ್‌ಡಬ್ಲ್ಯು ಟೂಲ್ಸ್ ಎಂಬ ಕಂಪೈಲರ್ ಬಳಸುತ್ತಿದ್ದರೆ ಕಂಬದ ಫಂಕ್_ಡಿಟೇಲ್‌ಗೆ _ಫಾಂಗ್ ಎಂಬ ಕೀ ಕೊಟ್ಟು ಬೆಲೆ 1 ಮಾಡಿ. ಕೋನದ ಮಿತಿಯನ್ನೂ ಕೊಡಬಹುದು. ನಮ್ಮ 12 ಬದಿಯ ಆಕಾರದಲ್ಲಿ ಪಕ್ಕದ ಫೇಸ್‌ಗಳ ನಡುವೆ 26.6 ಮತ್ತು 36.9 ಡಿಗ್ರಿ ಇದೆ. ಮಿತಿ 30 ಇಟ್ಟರೆ ಅರ್ಧಂಬರ್ಧ ನುಣುಪಾಗಿ ನಾಲ್ಕು ಕಡೆ ಏಣು ಉಳಿಯುತ್ತದೆ. 40 ಇಡಿ. ಕಂಬದ ಬುಡದಲ್ಲಿ 45 ಡಿಗ್ರಿ ಓರೆ ಕೆತ್ತನೆ ಇದ್ದರೆ ಅದು ಆಗ ಚೂಪಾಗಿಯೇ ಉಳಿಯುತ್ತದೆ.

ಟೆಕ್ಸ್ಚರ್ ಓರೆ ಬದಿಯಲ್ಲಿ ಮಾತ್ರ ಅಗಲವಾಗಿ ಕಂಡರೆ ಅದು ಜಗತ್ತಿನ ಅಕ್ಷಕ್ಕೆ ಹೊಂದಿಕೊಂಡಿದೆ ಅಂತ ಅರ್ಥ. ಫೇಸ್‌ಗೆ ಹೊಂದಿಸಿ. ಹೊಂದಿಸದಿದ್ದರೆ ನಮ್ಮ ಓರೆ ಬದಿಗಳಲ್ಲಿ ಶೇಕಡ 12ರಷ್ಟು ಹಿಗ್ಗುತ್ತದೆ, 45 ಡಿಗ್ರಿ ಗೋಡೆಯಲ್ಲಿ ಶೇಕಡ 41. ಕ್ವೇಕ್‌ನ ಹಳೆಯ ಮ್ಯಾಪ್ ಫಾರ್ಮ್ಯಾಟ್‌ನಲ್ಲಿ ಇದು ಸರಿಯಾಗುವುದೇ ಇಲ್ಲ, ವಾಲ್ವ್ 220 ಫಾರ್ಮ್ಯಾಟ್‌ಗೆ ಬದಲಿಸಬೇಕು.

ಹ್ಯಾಮರ್‌ನಲ್ಲಿ ಒಂದು ಫೇಸ್ ಆರಿಸಿ, ಆಲ್ಟ್ ಹಿಡಿದು ಪಕ್ಕದ ಫೇಸ್ ಮೇಲೆ ಬಲ ಕ್ಲಿಕ್ ಮಾಡುತ್ತಾ ಹೋದರೆ ಚಿತ್ರ ಸುತ್ತಿಕೊಂಡು ಬರುತ್ತದೆ. ಸುತ್ತು ಮುಗಿಯುವ ಕಡೆ ಗೆರೆ ತಪ್ಪಿದರೆ ಸುತ್ತಳತೆ ಚಿತ್ರದ ಅಗಲಕ್ಕೆ ಭಾಗವಾಗುತ್ತಿಲ್ಲ. ನಮ್ಮ ಕಂಬದ ಸುತ್ತಳತೆ 414.2. 64 ಅಗಲದ ಚಿತ್ರವಾದರೆ ಸ್ಕೇಲ್ 1.079 ಕೊಡಿ, ಸರಿಯಾಗಿ ಆರು ಸಲ ಕೂರುತ್ತದೆ. ಲೆಕ್ಕ ಬೇಡ ಅನ್ನುವವರು ಆ ಗೆರೆಯನ್ನು ಯಾರೂ ನೋಡದ ಹಿಂಬದಿಗೆ ತಳ್ಳಬಹುದು, ತಪ್ಪೇನಿಲ್ಲ.

ಆಟಗಾರ ಸಿಕ್ಕಿಹಾಕಿಕೊಂಡರೆ

ಕ್ವೇಕ್, ಹಾಫ್-ಲೈಫ್, ಸೋರ್ಸ್ ಮೂರರಲ್ಲೂ ಆಟಗಾರನ ಡಿಕ್ಕಿ ಆಕಾರ ಒಂದು ಡಬ್ಬಿ. ಅಗಲ 32 ಯೂನಿಟ್. ನೀವು ಎತ್ತ ತಿರುಗಿದರೂ ಆ ಡಬ್ಬಿ ತಿರುಗುವುದಿಲ್ಲ. ಹಾಗಾಗಿ 45 ಡಿಗ್ರಿ ಓರೆಯಲ್ಲಿ ಹೋಗುವ ದಾರಿಯಲ್ಲಿ ಅದಕ್ಕೆ 45.3 ಯೂನಿಟ್ ಅಗಲ ಬೇಕು. ನೇರ ಭಾಗದಲ್ಲಿ ಸಲೀಸಾಗಿ ಸಾಗಿದ 40 ಯೂನಿಟ್ ದಾರಿ ತಿರುವಿನಲ್ಲಿ ಕಚ್ಚಿಕೊಳ್ಳುವುದು ಇದರಿಂದಲೇ.

ದುಂಡು ಗೋಡೆಗೆ ಒರಗಿ ನಡೆಯುವಾಗ ತಡೆತಡೆದು ಸಾಗಿದರೆ, ಚಾಚಿಕೊಂಡ ಅಲಂಕಾರಗಳ ಮುಂದೆ ಕ್ಲಿಪ್ ಟೆಕ್ಸ್ಚರ್‌ನ ಸಾದಾ ಬ್ರಷ್ ಇಡಿ. ಅದು ಕಣ್ಣಿಗೆ ಕಾಣುವುದಿಲ್ಲ, ಆದರೆ ಆಟಗಾರನನ್ನು ತಡೆಯುತ್ತದೆ.

ಸುರುಳಿ ಮೆಟ್ಟಿಲಿನ ತೊಂದರೆ ಬೇರೆ. ಆಟಗಾರ ಒಂದು ಸಲಕ್ಕೆ 18 ಯೂನಿಟ್‌ಗಿಂತ ಎತ್ತರ ಹತ್ತಲಾರ. ಮೆಟ್ಟಿಲು 16 ಎತ್ತರ ಇದ್ದರೂ ನಡುಗಂಬದ ಹತ್ತಿರ ಮೆಟ್ಟಿಲುಗಳು ಕಿರಿದಾಗುತ್ತಾ ಹೋಗುತ್ತವೆ. ಡಬ್ಬಿಯ ಮೂಲೆ ಒಮ್ಮೆಗೇ ಎರಡು ಮೆಟ್ಟಿಲಿಗೆ ತಾಗಿದರೆ ಅದು 32 ಯೂನಿಟ್ ಗೋಡೆಯಾಯಿತು. ಮೆಟ್ಟಿಲ ಮೇಲೆ ಓರೆಯಾಗಿ ಕ್ಲಿಪ್ ಬ್ರಷ್ ಹಾಸುವುದು ಒಳ್ಳೆಯ ಮದ್ದು, ಆದರೆ ಆ ಓರೆ 45.5 ಡಿಗ್ರಿ ದಾಟಬಾರದು. ದಾಟಿದರೆ ಎಂಜಿನ್ ಅದನ್ನು ನೆಲ ಅಂತ ಒಪ್ಪುವುದಿಲ್ಲ, ಆಟಗಾರ ಜಾರುತ್ತಾನೆ. ಸುತ್ತಿಗೆ 12 ಮೆಟ್ಟಿಲು, ಎತ್ತರ 16 ಅಂದರೆ ಒಳ ಅಂಚಿನಲ್ಲೂ ಪ್ರತಿ ಮೆಟ್ಟಿಲು 16 ಯೂನಿಟ್ ಅಗಲ ಇರಬೇಕು. ಅದಕ್ಕೆ ನಡುಗಂಬದ ತ್ರಿಜ್ಯ 32 ಇರಲಿ. ಈ ಕ್ಲಿಪ್ ಹಾಸು ಕೂಡ ಸುತ್ತುತ್ತಾ ಏರುವುದೇ, ಆದ್ದರಿಂದ ಅದನ್ನೂ ತ್ರಿಕೋನಗಳಲ್ಲೇ ಕಟ್ಟಬೇಕು.

ಪ್ಯಾಚ್ ಮತ್ತು ಬ್ರಷ್ ಹೊಂದದಿದ್ದರೆ

1999ರಲ್ಲಿ ಬಂದ ಕ್ವೇಕ್ 3 ಬೆಜಿಯೇ ಪ್ಯಾಚ್ ತಂದಿತು. ಬದಿಗಳ ಗೋಜಿಲ್ಲದ ಬಾಗು ಸಿಕ್ಕಿತು, ಜೊತೆಗೆ ಹೊಸ ತರಲೆಯೂ ಬಂತು. ಪ್ಯಾಚ್ ಸಿಲಿಂಡರ್ ಅನ್ನು ದುಂಡು ಬ್ರಷ್ ಒಳಗೆ ಕೂರಿಸಿದರೆ ನೇರ ದಿಕ್ಕಿನಲ್ಲಿ ತಾಗುತ್ತದೆ, ಓರೆ ದಿಕ್ಕಿನಲ್ಲಿ ಹೊರಗೆ ಉಬ್ಬುತ್ತದೆ. ನಿಮ್ಮ ಕೈ ತಪ್ಪಿಲ್ಲ. ಈ ಬಗೆಯ ಬಾಗು ನಿಖರವಾದ ವೃತ್ತ ಆಗುವುದೇ ಇಲ್ಲ. ಕಾಲು ವೃತ್ತಕ್ಕೆ ಒಂದೇ ನಿಯಂತ್ರಣ ಬಿಂದು (ಬಾಗನ್ನು ತನ್ನತ್ತ ಎಳೆಯುವ ಬಿಂದು) ಚೌಕದ ಮೂಲೆಯಲ್ಲಿದ್ದಾಗ, ನಡುಭಾಗ ತ್ರಿಜ್ಯಕ್ಕಿಂತ ಶೇಕಡ 6ರಷ್ಟು ಹೊರಗೆ ಬರುತ್ತದೆ. 128 ತ್ರಿಜ್ಯಕ್ಕೆ ಸುಮಾರು 8 ಯೂನಿಟ್, ಕಣ್ಣಿಗೆ ಹೊಡೆಯುವಷ್ಟು.

ದಾರಿ ಎರಡಿವೆ. ಪ್ಯಾಚ್‌ಗೆ ತಾಗುವ ಮುಚ್ಚಳ, ಅಂಚುಪಟ್ಟಿ ಎಲ್ಲವನ್ನೂ ಪ್ಯಾಚ್‌ನಿಂದಲೇ ಮಾಡುವುದು ಒಂದು. ಎಡಿಟರ್‌ನ ಕ್ಯಾಪ್ ಆಜ್ಞೆ ಇರುವುದೇ ಇದಕ್ಕೆ. ಕಾಲು ವೃತ್ತವನ್ನು 45 ಡಿಗ್ರಿಯ ಎರಡು ತುಂಡು ಮಾಡುವುದು ಇನ್ನೊಂದು. ಆಗ ತಪ್ಪು ಶೇಕಡ 0.3ಕ್ಕೆ ಇಳಿಯುತ್ತದೆ, 128ಕ್ಕೆ ಅರ್ಧ ಯೂನಿಟ್ ಕೂಡ ಇಲ್ಲ.

ಪಕ್ಕದ ಎರಡು ಪ್ಯಾಚ್‌ಗಳ ನಡುವೆ ದೂರದಿಂದ ನೋಡಿದಾಗ ಮಾತ್ರ ಬಿರುಕು ಕಂಡು ಹತ್ತಿರ ಹೋದರೆ ಮಾಯವಾದರೆ, ಸೇರುವ ಅಂಚಿನ ನಿಯಂತ್ರಣ ಬಿಂದುಗಳು ಒಂದೇ ಜಾಗದಲ್ಲಿಲ್ಲ, ಇಲ್ಲವೇ ಒಂದು ಕಡೆ ಮೂರು, ಇನ್ನೊಂದು ಕಡೆ ಐದು ಇವೆ. ಎರಡೂ ಕಡೆ ಎಣಿಸಿ ಸಮ ಮಾಡಿ. ಸೋರ್ಸ್‌ನ ಡಿಸ್‌ಪ್ಲೇಸ್‌ಮೆಂಟ್‌ಗೂ ಇದೇ ಕಥೆ. ಪವರ್ 3 ಅಂದರೆ ಅಂಚಿಗೆ 9 ಬಿಂದು, ಪವರ್ 2 ಅಂದರೆ 5. ಪಕ್ಕದವೆರಡಕ್ಕೂ ಒಂದೇ ಪವರ್ ಕೊಟ್ಟು, ಎರಡನ್ನೂ ಆರಿಸಿ ಹೊಲಿಗೆ ಆಜ್ಞೆ ಒತ್ತಿ. ಡಿಸ್‌ಪ್ಲೇಸ್‌ಮೆಂಟ್ ಆಗುವುದು ನಾಲ್ಕು ಅಂಚಿನ ಫೇಸ್ ಮಾತ್ರ. ತ್ರಿಕೋನ ತುಂಡುಗಳಿಂದ ಕಟ್ಟಿದ ರ‍್ಯಾಂಪ್ ಮೇಲೆ ಆ ಬಟನ್ ಕೆಲಸ ಮಾಡದಿದ್ದರೆ ಎಡಿಟರ್ ಕೆಟ್ಟಿದೆ ಅಂದುಕೊಂಡು ಮತ್ತೆ ಇನ್‌ಸ್ಟಾಲ್ ಮಾಡಲು ಹೋಗಬೇಡಿ.